ಹಿಂದೆ ಬರುವವನ ದೀಪ

ಜನವರಿಯ ಒಂದು ಇಳಿಹೊತ್ತು. ಹುಕ್ಕೇರಿಯಿಂದ ಗೋಕಾಕದ ಮಗಳ ಮನೆಗೆ ಬಂದವನು ಸ್ಕೂಟರಿನ ಹಾರ್ನ್ ರಿಪೇರಿಗೆಂದು ಊರಾಚೆಯ ಆಟೊ ಇಲೆಕ್ಟ್ರಿಷಿಯನ್ ಅಂಗಡಿಗೆ ಹೋಗಿದ್ದೆ. ಕಬ್ಬು ನುರಿಸುವ ಹಂಗಾಮು ಜೋರಾಗಿತ್ತು. ಎರಡೆರಡು ಟ್ರೇಲರ್ ಎಳೆದುಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲುಸಾಲಾಗಿ ಸಾಗುತ್ತಿದ್ದವು. ಅಂಗಡಿಯ ಮುಂದೆ ಬಿಳಿ ಅಂಬಾಸಿಡರ್ ಒಂದು ಡಿಕ್ಕಿ ತೆರೆದು ನಿಂತಿತ್ತು. ಮಾರ್ಕ್ 2, 1971ರದು. ಪುಣೆಯಲ್ಲಿ ನೌಕರಿ ಮಾಡುವ ಮೂಡಲಗಿಯ ಹುಡುಗನೊಬ್ಬ ಅಜ್ಜನ ಗಾಡಿಗೆ ಮತ್ತೆ ಜೀವ ತುಂಬಿದ್ದ. ಮಿಸ್ತ್ರಿಗೆ ಅರವತ್ತರ ಮೇಲೆ ವಯಸ್ಸು. ನನ್ನ ಹಾರ್ನ್ ಹತ್ತು ನಿಮಿಷದಲ್ಲಿ ಸರಿಹೋಯಿತು. ಅವರಿಬ್ಬರ ಮಾತು ಕತ್ತಲಾದ ಮೇಲೂ ನಡೆದಿತ್ತು, ನಾನೂ ಎದ್ದು ಬರಲಿಲ್ಲ.

ಮಿಸ್ತ್ರಿ: ತಮ್ಮಾ, ಪೇಂಟು ಚಲೋ ಆಗೇತಿ. ಇಂಜಿನ್ ಸದ್ದೂ ಚಲೋ ಐತಿ. ಖರೆ ಹೊತ್ತು ಮುಳುಗಿದ ಮ್ಯಾಲ ಹಿಂದಿಂದ ನೋಡಿದ್ರ ನಿನ್ನ ಗಾಡಿನ ಕಾಣೂದಿಲ್ಲ. ಎರಡೂ ಕಡೆ ಎಲ್‌ಇಡಿ ಹಾಕತೀನಿ, ಒಯ್ಯಿ.

ಹುಡುಗ: ಅದೊಂದು ಬ್ಯಾಡ್ರಿ ಕಾಕಾ. ಎಂಟು ತಿಂಗಳಿಂದ ಒಂದೊಂದ ಸಾಮಾನು ಹುಡುಕಿ ತಂದೇನ್ರಿ. ಈ ಕೆಂಪು ಗ್ಲಾಸಿನ ಸಲುವಾಗಿ ಪುಣೆದಾಗ ಜುನಾ ಬಜಾರಕ್ಕ ಎಷ್ಟ ಐತವಾರ ಅಡ್ಯಾಡೇನಿ. ಅದರ ಹಿಂದ ಎಲ್‌ಇಡಿ ಕುಂದರಿಸಿದ್ರ ನಮ್ಮ ಅಜ್ಜನ ಗಾಡಿ ಆಗಿ ಉಳಿಯೂದಿಲ್ಲ.

ಮಿಸ್ತ್ರಿ: ಟಾಯರ್ ಯಾವಾಗಿನವು?

ಹುಡುಗ: ಹೋದ ತಿಂಗಳ ಹಾಕಿಸಿದ್ದು.

ಮಿಸ್ತ್ರಿ: ಬ್ಯಾಟರಿ?

ಹುಡುಗ: ಅದೂ ಹೊಸಾದು. ನೀವು ಎಲ್ಲಿಗೆ ಬರತೀರಿ ಅನ್ನೂದು ಗೊತ್ತಾತ್ರಿ. ಸವಿಯೂ ಸಾಮಾನು ಬದಲಿ ಮಾಡಲೇಬೇಕು, ಒಪ್ಪತೀನಿ. ಬಲ್ಬೂ ಬದಲಿ ಮಾಡ್ರಿ. ಆದರ ಅದೇ ಜಾತಿ ಬಲ್ಬು ಹಾಕ್ರಿ. 12 ವೋಲ್ಟ್, 21/5 ವ್ಯಾಟ್, ಎರಡು ತಂತೀದು.

ಮಿಸ್ತ್ರಿ: ಅದೇ ಜಾತಿ ಅಂತಿ. ಈಗ ಎಡಕ್ಕ ಕುಂತಿರೂ ಬಲ್ಬು ಯಾವ ಜಾತೀದು, ಬಿಚ್ಚಿ ನೋಡು.

ಹುಡುಗ ಗ್ಲಾಸಿನ ಎರಡು ಸ್ಕ್ರೂ ಬಿಚ್ಚಿ, ಬಲ್ಬನ್ನು ಒತ್ತಿ ತಿರುವಿ ಹೊರತೆಗೆದ. ಹಿತ್ತಾಳೆಯ ಟೋಪಿಯ ಮೇಲಿನ ಅಕ್ಷರಕ್ಕೆ ಮೊಬೈಲ್ ಬೆಳಕು ಹಿಡಿದವನು ಸುಮ್ಮನಾದ. ಅಲ್ಲಿ 24 ವೋಲ್ಟ್ ಎಂದಿತ್ತು.

ಮಿಸ್ತ್ರಿ: ಲಾರಿ ಬಲ್ಬದು. ಟೋಪಿ ಅದೇ, ಗುಂಡು ಅದೇ, ಹೋಲ್ಡರಿನಾಗ ಬರೊಬ್ಬರಿ ಕುಂದರತೈತಿ, ಹತ್ತೂದೂ ಹತ್ತತೈತಿ. ಆದರ ಮಿಣುಕು ಹುಳದಂಗ ಹತ್ತತೈತಿ. ಹೈವೇ ಕಡೆ ಅಂಗಡ್ಯಾಗ ಲಾರಿ ಸಾಮಾನು ಹೆಚ್ಚು, ಯಾರೋ ಅವಸರದಾಗ ಕೊಟ್ಟಾರ, ಇನ್ಯಾರೋ ನೋಡದ ಹಾಕ್ಯಾರ. ನಮ್ಮ ಕಡೆ ಎಷ್ಟು ಗಾಡ್ಯಾಗ ಇದೇ ಇರತೈತಿ ಅಂತಿ!

ಹುಡುಗ: ಅರ್ಧ ವೋಲ್ಟೇಜಿಗೆ ಬೆಳಕು ಅರ್ಧ ಬರೂದಿಲ್ರಿ, ಹತ್ತರಾಗ ಒಂದು ಪಾಲು ಬರತೈತಿ. ತಂತಿ ಬಲ್ಬಿನ ಗುಣಾನ ಅದು, ವೋಲ್ಟೇಜ್ ಸ್ವಲ್ಪ ಇಳಿದ್ರ ಬೆಳಕು ಭಾಳ ಇಳೀತೈತಿ. ಹಂಗಿದ್ರ ತಪ್ಪು ಬಲ್ಬಿಂದಾತಲ್ಲ, ತಂತಿ ಬಲ್ಬಿನ ಜಾತೀದು ಏನ್ ತಪ್ಪು?

ಮಿಸ್ತ್ರಿ: ತಡಿ, ಬಲಗಡೆ ಬಲ್ಬು 12 ವೋಲ್ಟಿನದ ಐತಿ. ಅದೂ ಮಂಕಾಗೇ ಹತ್ತತೈತಿ. ಅದಕ್ಕೇನಂತಿ?

ಅವರು ಮೀಟರ್ ತಂದರು. ಬ್ಯಾಟರಿಯ ಮೇಲಿಟ್ಟಾಗ 12.4 ತೋರಿಸಿತು. ಹುಡುಗ ಬ್ರೇಕ್ ಒತ್ತಿ ಹಿಡಿದಾಗ ಬಲಗಡೆಯ ಹೋಲ್ಡರಿನ ಹತ್ತಿರ 10.8. ಲೈನಿನ ತುದಿಯ ಹೊಲದಲ್ಲಿ ಪಂಪ್‌ಸೆಟ್ಟು ನರಳುವುದನ್ನು ಕೇಳಿದ ನಮ್ಮಂಥವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ವೋಲ್ಟೇಜು ಹದಿಮೂರು ಪರ್ಸೆಂಟಿನಷ್ಟು ಕುಸಿದಿದ್ದರೆ, ಬೆಳಕು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗಿತ್ತು. ಮಿಸ್ತ್ರಿ ಒಂದು ತುಂಡು ವೈರಿನ ಒಂದು ತುದಿಯನ್ನು ಹೋಲ್ಡರಿನ ಮೈಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ತಾಗಿಸಿದರು. ಗ್ಲಾಸು ಕಣ್ಣು ಬಿಟ್ಟಂತೆ ಕೆಂಪಾಯಿತು. ಬಾಡಿಗೂ ದೀಪಕ್ಕೂ ನಡುವೆ ಐವತ್ತು ವರ್ಷದ ತುಕ್ಕು, ಅದರ ಮೇಲೆ ಹೋದ ತಿಂಗಳಿನ ಹೊಸ ಪೇಂಟು. ಕರೆಂಟು ಮರಳಿ ಹೋಗುವ ದಾರಿಯೇ ಇಕ್ಕಟ್ಟಾಗಿತ್ತು.

ಹುಡುಗ: ನೋಡ್ರಿ ಮತ್ತ! ಅರ್ಥಿಂಗ್ ಸರಿ ಮಾಡಿದ್ರ ಹಳೇ ಬಲ್ಬಿಗೆ ಏನ್ ಕಡಿಮಿ ಐತ್ರಿ?

ಮಿಸ್ತ್ರಿ: ಇವತ್ತು ಸರಿ ಮಾಡಿ ಕೊಡತೀನಿ. ಎರಡು ಮಳೆಗಾಲ ದಾಟಿದ ಮ್ಯಾಲ? ನೀ ಪುಣೆದಾಗ ಇರತಿ, ಗಾಡಿ ಮೂಡಲಗ್ಯಾಗ ಪತ್ರಾಸಿನ ಕೆಳಗ ನಿಂತಿರತೈತಿ. ಹೋಲ್ಡರ್ ಮತ್ತ ಹಸರ ಹಿಡೀತೈತಿ. ಹಬ್ಬಕ್ಕ ಬಂದಾವ ಚಾವಿ ಹಾಕಿ ಹೊರಗ ತಗೀತಿ. ಹಿಂದಿನ ದೀಪ ಹತ್ತೇತೋ ಇಲ್ಲೋ ಸ್ಟೇರಿಂಗ್ ಮುಂದ ಕುಂತಾವಗ ಕಾಣೂದಿಲ್ಲ. ಮುಂದಿನ ಲೈಟ್ ಹೋದ್ರ ತಿಳೀತೈತಿ, ಹಾರ್ನ್ ಹೋದ್ರ ತಿಳೀತೈತಿ, ಇದೊಂದು ತಿಳಿಯೂದಿಲ್ಲ. ಈ ಗಾಡಿ ನಿಮ್ಮ ಅಜ್ಜಂದು, ನಿಂದು, ಎಲ್ಲಾ ಖರೆ. ಆ ಎರಡು ಕೆಂಪು ದೀಪ ಮಾತ್ರ ಹಿಂದ ಬರಾವಂದು.

ಈ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು. ಮೂವತ್ತು ವರ್ಷ ಗಾಡಿ ಓಡಿಸಿದ ನಾನು ಎಷ್ಟು ಸಲ ಇಳಿದು ಹಿಂದೆ ಹೋಗಿ ನೋಡಿದ್ದೇನೆ?

ಹುಡುಗ: ಹಿಂದ ಬರಾವಂದು ಅಂತ ನಾನೂ ಒಪ್ಪತೀನ್ರಿ ಕಾಕಾ. ಹಂಗಾರ ಅವಗ ಏನು ಬೇಕು ಅನ್ನೂದು ನೋಡೂಣು. ಬರೇ ಝಗಝಗ ಬೆಳಕು ಬೇಕೇನ್ರಿ? ಈ ಬಲ್ಬಿನ ಒಳಗ ಎರಡು ತಂತಿ ಅದಾವ. 5 ವ್ಯಾಟಿಂದು ಸುಮಾರು 35 ಲ್ಯೂಮೆನ್ ಬೆಳಕು ಕೊಡತೈತಿ, 21 ವ್ಯಾಟಿಂದು 440. ಹನ್ನೆರಡು ಪಟ್ಟು ಅಂತರ. "ನಾ ಇಲ್ಲಿ ಅದೀನಿ" ಅನ್ನೂ ದೀಪ ಒಂದು, "ನಾ ನಿಂದರಾಕತ್ತೀನಿ" ಅನ್ನೂ ದೀಪ ಇನ್ನೊಂದು. ಹಿಂದ ಬರಾವಗ ಈ ಎರಡರ ನಡುವಿನ ವ್ಯತ್ಯಾಸ ತಿಳೀಬೇಕ್ರಿ. ಅಗ್ಗದ ಎಲ್‌ಇಡಿಯೊಳಗ ಸಾದಾ ದೀಪಾನ ಅಷ್ಟು ಜೋರ ಇರತೈತಿ, ಬ್ರೇಕ್ ಒತ್ತಿದ್ದು ತಿಳಿಯೂದ ಇಲ್ಲ.

ಮಿಸ್ತ್ರಿ: ಅಗ್ಗದ್ದು ಹಾಕಂತ ನಾ ಹೇಳಿಲ್ಲ.

ಹುಡುಗ: ಇನ್ನೊಂದು ಐತ್ರಿ. ಈ ಗ್ಲಾಸಿನ ಹಿಂದಿನ ಬಟ್ಟಲು ಮಾಡಿದ್ದು ಒಂದು ಸಣ್ಣ ತಂತಿ ನಡುವ ನಿಂತು ಎಲ್ಲಾ ಕಡೆ ಬೆಳಕು ಚೆಲ್ಲತೈತಿ ಅನ್ನೂ ಲೆಕ್ಕದ ಮ್ಯಾಲ. ಎಲ್‌ಇಡಿ ಬೆಳಕು ಚಿಪ್ಪು ಮಾರಿ ಮಾಡಿದ ಕಡೆ ಅಷ್ಟ ಹೋಗತೈತಿ. ನೆಟ್ಟಗ ಹಿಂದ ನಿಂತಾವಗ ಕಣ್ಣು ಕುಕ್ಕತೈತಿ, ಓರೆಗೆ ಬರಾವಗ ಕಾಣೂದಿಲ್ಲ. ಮೂಡಲಗಿ ದಾರ್ಯಾಗ ತಿರುವು ಎಷ್ಟಾವು ನಿಮಗ ಗೊತ್ತ ಐತಿ.

ಮಿಸ್ತ್ರಿ: ಅದೂ ಖರೆ. ಅದಕ್ಕ ಸುತ್ತಲೂ ಚಿಪ್ಪು ಇರೂದು ತಗೋಬೇಕು, ತುದಿಗೆ ಒಂದ ಚಿಪ್ಪು ಇರೂದು ಬ್ಯಾಡ. ಕೆಂಪು ಗ್ಲಾಸಿನ ಹಿಂದ ಕೆಂಪು ಎಲ್‌ಇಡೀನ ಇಡಬೇಕು. ಬಿಳೇದು ಇಟ್ರ ಅದರಾಗ ನೀಲಿ ಹೆಚ್ಚು, ಕೆಂಪು ಕಡಿಮಿ. ಗ್ಲಾಸು ಅರ್ಧಕ್ಕಿಂತ ಹೆಚ್ಚು ನುಂಗತೈತಿ, ಉಳಿದದ್ದು ಗುಲಾಬಿ ಕಾಣತೈತಿ. ನಂಬರ್ ಪ್ಲೇಟಿನ ಮ್ಯಾಲಿನ ದೀಪ ಬಿಳೇದ ಇರಬೇಕು. ಕೆಲವು ಹಳೇ ಗಾಡ್ಯಾಗ ಟೇಲ್ ಲೈಟಿನ ಬದಿಗೇ ಒಂದು ಬಿಳೇ ಕಿಟಕಿ ಇರತೈತಿ, ಪ್ಲೇಟಿಗೆ ಬೆಳಕು ಬೀಳಾಕ. ಅಂಥಾದ್ರಾಗ ಕೆಂಪು ಎಲ್‌ಇಡಿ ಹಾಕಿದ್ರ ನಂಬರ್ರೂ ಕೆಂಪಾಗತೈತಿ. ನಾ ಏನ್ ಕಣ್ಣು ಮುಚ್ಚಿಕೊಂಡು ಹಾಕಾವಲ್ಲ ತಮ್ಮಾ. ಹಳೇ ಮಾರಿಸ್, ಆಸ್ಟಿನ್ ಗಾಡ್ಯಾಗ ಪ್ಲಸ್ ಬಾಡಿಗೆ ಇರತಿತ್ತು, ಅಂಥಾದ್ರಾಗ ಈ ಸಾದಾ ಎಲ್‌ಇಡಿ ಹತ್ತೂದ ಇಲ್ಲ. ನಿಂದು ಮೈನಸ್ ಬಾಡಿಗೆ ಐತಿ, ಮೊದಲ ನೋಡೇನಿ.

ಹುಡುಗ: ಇಂಡಿಕೇಟರ್?

ಮಿಸ್ತ್ರಿ: ಅದಕ್ಕ ಕೈ ಹಚ್ಚೂದಿಲ್ಲ. ಹಳೇ ಫ್ಲ್ಯಾಷರ್ ಕರೆಂಟಿನ ಬಿಸಿಗೆ ಟಕ್ ಟಕ್ ಅನ್ನೂದು. ಎಲ್‌ಇಡಿ ಅಷ್ಟು ಕರೆಂಟ್ ಎಳೆಯೂದಿಲ್ಲ. ಹತ್ತಿದ್ದು ಹತ್ತೇ ಇರತೈತಿ, ಇಲ್ಲಾ ಹುಚ್ಚು ಹಿಡಿದಂಗ ಮಿಟುಕತೈತಿ. ಅಲ್ಲಿ 21 ವ್ಯಾಟಿನ ಒಂದೇ ತಂತಿ ಬಲ್ಬ ಇರಲಿ.

ಹುಡುಗ: ಹಂಗಾರ ಅಲ್ಲಿ ಹಳೇದು ಚಲೋ, ಇಲ್ಲಿ ಬ್ಯಾಡ ಅಂತೀರಿ?

ಮಿಸ್ತ್ರಿ: ಡೈನಮೊ ಗಾಡಿ ತಮ್ಮಾ ಇದು. ಈಗಿನ ಗಾಡಿಯ ಆಲ್ಟರ್ನೇಟರ್ ಅಲ್ಲ. ಜೋರಾಗಿ ಓಡಿದ್ರ ಇಪ್ಪತ್ತರ ಸುತ್ತ ಆಂಪ್ ಕೊಟ್ಟೀತು, ಸಂತೀ ಮುಂದ ನಿಂತಾಗ ಏನೂ ಕೊಡೂದಿಲ್ಲ. ಹೆಡ್‌ಲೈಟ್ ಹತ್ತೇತಿ, ವೈಪರ್ ನಡದೈತಿ, ಮ್ಯಾಲ ನೀ ಬ್ರೇಕ್ ಒತ್ತಿ ನಿಂತಿ. ಎರಡು ಬ್ರೇಕ್ ಬಲ್ಬಿಗೆ ಮೂರೂವರೆ ಆಂಪ್. ಎಲ್ಲಾ ಬ್ಯಾಟರಿ ರಕ್ತ. ಎಲ್‌ಇಡಿ ಆದ್ರ ಅದರ ಹತ್ತರಾಗ ಒಂದು ಪಾಲೂ ಎಳೆಯೂದಿಲ್ಲ.

ಹುಡುಗ: ಬ್ರೇಕ್ ಒತ್ತಿದಷ್ಟ ಹೊತ್ತು ಮಾತ್ರಲ್ರಿ ಅದು. ಆದರ ನಿಮ್ಮ ಪರವಾಗಿ ಒಂದು ಮಾತು ನಾನ ಹೇಳಬೇಕ್ರಿ, ಮುಚ್ಚಿಡೂದು ಸರಿ ಅಲ್ಲ. ತಂತಿ ಕಾದು ಪೂರಾ ಬೆಳಗಾಕ ಸೆಕೆಂಡಿನ ಐದರಾಗ ಒಂದು ಪಾಲು ಹೊತ್ತು ಹಿಡೀತೈತಿ. ಎಲ್‌ಇಡಿ ತಕ್ಷಣ ಹತ್ತತೈತಿ. ಹಿಂದ 60 ಕಿಲೋಮೀಟರ್ ವೇಗದಾಗ ಬರಾವ ಅಷ್ಟರಾಗ ಮೂರು ಮೀಟರಿಗಿಂತ ಹೆಚ್ಚು ಮುಂದ ಬಂದಿರತಾನ.

ಮಿಸ್ತ್ರಿ: ಮೂರು ಮೀಟರ್! ಎತ್ತೊಂದು ಆರಾಮ ಅಡ್ಡ ನಿಂದರೂವಷ್ಟು ಜಾಗ. ಅಷ್ಟು ಗೊತ್ತಿದ್ದೂ ಹಟ ಮಾಡತಿ?

ಹುಡುಗ: ಹಟ ಅಲ್ರಿ. 1971ರ ಗಾಡಿ, ಐವತ್ತು ವರ್ಷ ದಾಟೇತಿ. 2021ರ ಜುಲೈದಾಗ ಕೇಂದ್ರ ಸರಕಾರ ವಿಂಟೇಜ್ ಗಾಡಿಗೆ ಬ್ಯಾರೇನ ನೋಂದಣಿ ತಂದೇತಿ. 20,000 ರೂಪಾಯಿ ಕಟ್ಟಿದ್ರ ಹತ್ತು ವರ್ಷಕ್ಕ, ನಂಬರಿನಾಗ ವಿಎ ಅಂತ ಬರತೈತಿ. ಗಾಡಿ ಮೂಲ ರೂಪದಾಗ ಇರಬೇಕಂತ.

ಮಿಸ್ತ್ರಿ: ಆ ನಂಬರ್ ಬಂದ ಮ್ಯಾಲ ದಿನಾ ರಸ್ತೆಗೆ ಓಡಸಾಕ ಬರತೈತೇನು?

ಹುಡುಗ: ಬರೂದಿಲ್ರಿ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ, ಇಂಥಾದಕ್ಕ ಅಷ್ಟ. ಅದಕ್ಕ ಇನ್ನೂ ಅರ್ಜಿ ಹಾಕಿಲ್ಲ. ಅಜ್ಜಿಗೆ ಈ ಗಾಡ್ಯಾಗ ಕುಂತು ಹಿಡಕಲ್ ಡ್ಯಾಮ್ ನೋಡೂ ಆಸೆ ಐತಿ. ಅಜ್ಜ ಇದ್ದಾಗ ಅಲ್ಲಿಗೆ ಕರಕೊಂಡ ಹೋಗತಿದ್ದನಂತ. ಅಕಿ ಹಿಂದಿನ ಸೀಟಿನ್ಯಾಗ ಕುಂತಾಗ ಎಲ್ಲಾ ಹಂಗ ಇರಬೇಕು ಅನಸತೈತ್ರಿ. ಸಂಜೀ ಹೊತ್ತು ಗಾಡಿ ಅಂಗಳಕ್ಕ ಬಂದ್ರ ಗ್ವಾಡಿ ಮ್ಯಾಲ ಬೀಳೂ ಆ ಮೆತ್ತನ್ನ ಕೆಂಪು, ಅದೂ ಸೇರಿ.

ಮಿಸ್ತ್ರಿ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹಾಯಿತು. ಎರಡನೆಯ ಟ್ರೇಲರಿನ ಹಿಂಭಾಗದಲ್ಲಿ ಕಬ್ಬಿನ ವಾಡಿ ನೆಲದವರೆಗೆ ಇಳಿಬಿದ್ದಿತ್ತು. ಅದರ ಅಡಿಯಲ್ಲಿ ದೀಪ ಇದ್ದೀತು, ಇಲ್ಲದೆಯೂ ಇದ್ದೀತು.

ಮಿಸ್ತ್ರಿ: ಹಿಂದಿನ ಸೀಟಿನ್ಯಾಗ ಕುಂದರತಾಳ ಅಂದಿ. ಹಿಂದಿನ ದೀಪಕ್ಕ ಗಾಡ್ಯಾಗ ಎಲ್ಲಾರಿಗಿಂತ ಸಮೀಪ ಇರಾಕೀನ ಅಕಿ. ತಮ್ಮಾ, ನಮ್ಮ ಮಾವನ ಮಗ ಒಬ್ಬ ಇದ್ದ. ಒಂದು ರಾತ್ರಿ ಬೈಕಿನ ಮ್ಯಾಲ ಊರಿಗೆ ಹೊಂಟಿದ್ದ. ಪಂಕ್ಚರ್ ಆಗಿ ನಿಂತ ಕಬ್ಬಿನ ಟ್ರೇಲರ್, ಹಿಂದ ಒಂದು ಹನಿ ಕೆಂಪು ಇಲ್ಲ. ಎದುರಿಗೆ ಬಂದ ಗಾಡಿ ಬೆಳಕು ಕಣ್ಣಿಗೆ ಹೊಡದಿತ್ತು. ಅಂವ ಬ್ರೇಕನ್ನೂ ಹಿಡಿದಿರಲಿಲ್ಲ. ಡಾಂಬರಿನ ಮ್ಯಾಲ ಒಂದು ಗೆರಿ ಇರಲಿಲ್ಲ, ನಾ ಹೋಗಿ ನೋಡೇನಿ. ಅವತ್ತಿಂದ ಯಾವುದೇ ಗಾಡಿ ಅಂಗಡಿಗೆ ಬಂದ್ರ ನಾ ಮೊದಲ ಹಿಂದಕ್ಕ ಹೋಗತೀನಿ. ಟ್ರ್ಯಾಕ್ಟರಿನವರು ಸ್ಪೀಕರಿಗೆ ಸಾವಿರಗಟ್ಟಲೆ ಹಾಕತಾರ. ಮೂವತ್ತು ರೂಪಾಯಿ ಬಲ್ಬಿಗೆ, ಒಂದು ಕೆಂಪು ರಿಫ್ಲೆಕ್ಟರ್ ಪಟ್ಟಿಗೆ ನಾಳೆ ಬರತೀನಿ ಕಾಕಾ ಅಂತಾರ. ನನಗ ಹೊಟ್ಟಿ ಉರಿಯೂದು ಅದಕ್ಕ. ನಿನಗ ಗದರಿಸಿದ್ದು ಅದೇ ಸಿಟ್ಟು.

ಹುಡುಗ: ಗೊತ್ತಿರಲಿಲ್ರಿ ಕಾಕಾ.

ಮಿಸ್ತ್ರಿ: ಇರಲಿ. ಮಾಸ್ತರ, ನೀವು ಆಗಿಂದ ಸುಮ್ಮನ ಕುಂತೀರಿ. ನೀವೇನಂತೀರಿ?

ನನಗೆ ಹೊಳೆದದ್ದು ಒಂದೇ. ನಿಯಮ ಏನು ಹೇಳುತ್ತದೋ ಅದನ್ನೇ ಅಳೆದು ನೋಡೋಣ ಎಂದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೆಯದು ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು, ನಂಬರ್ ಪ್ಲೇಟು ಬಿಳಿ ಬೆಳಕಿನಲ್ಲಿ 15 ಮೀಟರಿನಿಂದ ಓದಲು ಬರಬೇಕು ಎನ್ನುತ್ತದೆ. ಮಿಸ್ತ್ರಿಗೆ ಈ ಮಾತು ಹಿಡಿಸಿತು. ಎರಡೂ ಹೋಲ್ಡರನ್ನು ಉಜ್ಜುಕಾಗದದಿಂದ ತಿಕ್ಕಿ, ಒಂದೊಂದಕ್ಕೂ ಬಾಡಿಯ ಬೋಲ್ಟಿನಿಂದ ಹೊಸ ಅರ್ಥ್ ವೈರ್ ಎಳೆದರು. ಈಗ ಮೀಟರ್ 12.1 ತೋರಿಸಿತು. ಎಡಕ್ಕೆ ಹೊಸ 21/5 ತಂತಿ ಬಲ್ಬು, ಬಲಕ್ಕೆ ಅವರೇ ಆರಿಸಿಟ್ಟಿದ್ದ ಕೆಂಪು ಎಲ್‌ಇಡಿ. ಈ ಎರಡು ತಂತಿಯ ಬಲ್ಬಿಗೆ ಬದಿಯ ಮೊಳೆ ಎರಡೂ ಒಂದೇ ಎತ್ತರದಲ್ಲಿ ಇರುವುದಿಲ್ಲ, ಒಂದು ಮೇಲೆ ಒಂದು ಕೆಳಗೆ. ತಿರುವುಮುರುವಾಗಿ ಕೂಡಿಸಿದರೆ ಕೂರುವುದೇ ಇಲ್ಲ. ಕೂತಿದ್ದರೆ ರಾತ್ರಿಯಿಡೀ 21 ವ್ಯಾಟು ಉರಿದು, ಬ್ರೇಕ್ ಒತ್ತಿದಾಗ 5 ವ್ಯಾಟಿನ ಸಣ್ಣದು ಹತ್ತುತ್ತಿತ್ತು. ಇಷ್ಟು ಚಿಕ್ಕ ವಸ್ತುವಿನಲ್ಲಿ ಯಾರೋ ಇಷ್ಟು ವಿಚಾರ ಮಾಡಿದ್ದಾರಲ್ಲ ಎಂದು ನಾನು ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ.

ಗಾಡಿಯನ್ನು ಹೊಲದ ದಾರಿಗೆ ನಿಲ್ಲಿಸಿದೆವು. ಮೊದಲು ಹುಡುಗ ನನ್ನೊಡನೆ ಹಿಂದಕ್ಕೆ ನಡೆದ, ಮಿಸ್ತ್ರಿ ಒಳಗೆ ಕೂತರು. ನನ್ನ ಹೆಜ್ಜೆಯಲ್ಲಿ ಇನ್ನೂರರ ಮೇಲೆ ಆಯಿತು. ಮಾತು ಫೋನಿನಲ್ಲಿ.

ಮಿಸ್ತ್ರಿ: ಸಾದಾ ದೀಪ ಹಚ್ಚೇನಿ. ಕಾಣತಾವೇನು?

ಹುಡುಗ: ಎರಡೂ ಕಾಣತಾವ್ರಿ. ನಿಮ್ಮದು ಚುಕ್ಕಿಯಂಗ ಚುಚ್ಚತೈತಿ. ನಂದು... ನಂದು ಹುಡುಕಬೇಕ್ರಿ. ಒಂದು ಕ್ಷಣ ಹುಡುಕಿದ ಮ್ಯಾಲ ಕಾಣತು.

ಮಿಸ್ತ್ರಿ: ಇಬ್ಬರ ಕಣ್ಣಿಗೂ ಹಂಗೇನು?

ಹುಡುಗ: ಮಾಸ್ತರ ಕಣ್ಣಿಗೆ ನಂದು ಇನ್ನೂ ತಡಾ ಆಗಿ ಕಾಣತಂತ್ರಿ.

ಹೌದು, ನನ್ನದು ಪೊರೆ ತೆಗೆಸಿದ ಕಣ್ಣು. ರಸ್ತೆಯಲ್ಲಿ ಹಿಂದೆ ಬರುವವರಲ್ಲಿ ನನ್ನಂಥವರೂ ಇರುತ್ತಾರೆ. ಆಮೇಲೆ ಹುಡುಗ ಒಳಗೆ ಹೋಗಿ ಕೂತ, ಮಿಸ್ತ್ರಿ ನನ್ನ ಪಕ್ಕಕ್ಕೆ ಬಂದು ನಿಂತರು.

ಹುಡುಗ: ಬ್ರೇಕ್ ಒತ್ತತೀನ್ರಿ. ಒತ್ತಿದೆ. ಬಿಟ್ಟೆ. ಒತ್ತಿದೆ.

ಮಿಸ್ತ್ರಿ: ಇನ್ನೊಮ್ಮೆ ಒತ್ತು. ಹೂಂ. ಎಡಗಡೇದು ಎದ್ದು ನಿಂತಂಗ ಆಗತೈತಿ ತಮ್ಮಾ. ಬಲಗಡೇದು ಹೆಚ್ಚಾಗತೈತಿ, ಇಲ್ಲ ಅನ್ನೂದಿಲ್ಲ. ಆದರ ಮೊದಲ ಜೋರಿತ್ತು, ಈಗ ಇನ್ನಷ್ಟು ಜೋರಾತು, ಅಷ್ಟ. ನಿಂದರ ಅಂತ ಕೂಗಿದಂಗ ಆಗೂದಿಲ್ಲ.

ಹುಡುಗ: ಓರೆಗೆ ನಿಂತು ನೋಡ್ರಿ.

ಮಿಸ್ತ್ರಿ: ಕಬ್ಬಿನ ಬದುವಿಗೆ ಬಂದು ನಿಂತೇನಿ. ಇಲ್ಲಿಂದ ನಿಂದು ಗ್ಲಾಸು ತುಂಬಾ ಕಾಣತೈತಿ. ನಂದು ಕಡಿಮಿ ಆತು.

ಹುಡುಗ: ಹಂಗಾರ ಎಡಗಡೇದ ಇರಲೇನ್ರಿ?

ಮಿಸ್ತ್ರಿ: ಸಾದಾ ದೀಪ ಹುಡುಕಬೇಕಾತು ಅಂದಾವ ಯಾರು?

ಫೋನಿನ ಎರಡೂ ತುದಿ ಸುಮ್ಮನಾದವು. ಅಂಗಡಿಗೆ ಮರಳಿದ ಮೇಲೆ ಮಿಸ್ತ್ರಿ ಎಲ್‌ಇಡಿಯನ್ನು ಬಿಚ್ಚಿ ಅಲ್ಲಿಯೂ ತಂತಿ ಬಲ್ಬನ್ನೇ ಕೂಡಿಸಿದರು. ಇದು ಅವರ ಒಪ್ಪಿಗೆ ಆಗಿರಲಿಲ್ಲ. ಎಲ್‌ಇಡಿಯ ಡಬ್ಬಿ ಎರಡನ್ನೂ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟರು.

ಮಿಸ್ತ್ರಿ: ರೊಕ್ಕ ಈಗ ಬ್ಯಾಡ. ಅಜ್ಜಿನ ಡ್ಯಾಮಿಗೆ ಕರಕೊಂಡ ಹೋಗೂ ದಿನ ಬರೂದು ಕತ್ತಲಾತಂದ್ರ ಹಾಕ್ಕೋ. ಒತ್ತಿ ತಿರವೂದು, ಒಂದು ನಿಮಿಷದ ಕೆಲಸ. ತೂತು ಕೊರಿಯೂದಿಲ್ಲ, ವೈರ್ ಕಡಿಯೂದಿಲ್ಲ.

ಹುಡುಗ: ಹಗಲಾಗಿದ್ರ ತೆಗೆದಿಟ್ಟುಕೊಳ್ಳಲೇನ್ರಿ?

ಮಿಸ್ತ್ರಿ: ಅದು ನಿನಗ ಬಿಟ್ಟದ್ದು. ಹಿಂದಿನ ಕಾಚಿನ ಒಳಗ ಒಂದು ಕೆಂಪು ಬ್ರೇಕ್ ಪಟ್ಟಿ ಇಟ್ಟರೂ ನಡೀತೈತಿ, ಬ್ಯಾಡಂದ್ರ ತಗೀಬಹುದು.

ಹುಡುಗ: ಅದನ್ನ ವಿಚಾರ ಮಾಡತೀನ್ರಿ. ಗ್ಲಾಸಿನ ಒಳಗಿನ ಬಟ್ಟಲಿಗೆ ಬೆಳ್ಳಿ ಬಣ್ಣ ಹೋಗೇತಿ, ಅದನ್ನೂ ಒಮ್ಮೆ ಮಾಡಿಸಬೇಕು. ಅದಾದ್ರ ಸಾದಾ ದೀಪಾನೂ ಎದ್ದು ಕಾಣತೈತೇನೊ.

ಮಿಸ್ತ್ರಿ: ಕಾಣಬಹುದು. ಮಾಡಿಸಿಕೊಂಡು ಬಾ, ಮತ್ತ ಇನ್ನೂರು ಹೆಜ್ಜಿ ನಡಿಯೂಣು.

ಹುಡುಗ ಗಾಡಿ ಹೊರಳಿಸಿ ಮೂಡಲಗಿಯ ದಾರಿ ಹಿಡಿದ. ಮಿಸ್ತ್ರಿ ಅಂಗಡಿಯ ದೀಪ ಆರಿಸಿ ರಸ್ತೆಯ ಅಂಚಿಗೆ ಬಂದು ನಿಂತರು. ಅವರ ಕೈಯಲ್ಲಿದ್ದ ಫೋನು ಇನ್ನೂ ಚಾಲೂ ಇತ್ತು.

ಹುಡುಗ: ಕಾಕಾ, ಕಾಣತಾವೇನ್ರಿ?

ಮಿಸ್ತ್ರಿ: ಎರಡೂ ಕಾಣತಾವ. ಬ್ರೇಕ್ ಒತ್ತು. ಬಿಡು. ಇನ್ನೊಂದಿಷ್ಟು ಮುಂದ ಹೋಗು.